ಗೋಪುರದ ಮೇಲಿನ ಆಮೆನ್

ಲಿಂಡೆನ್‌ಹಾಲ್ ಪಟ್ಟಣ, ಜರ್ಮನಿ
ಇಸವಿ ಎರಡು ಸಾವಿರದ ಇನ್ನೂರ ಹದಿನೇಳು, ನಡುದಿನಗಳಲ್ಲಿ ಮೂರನೆಯದು

ಬೆಟಗೇರಿಯ ಸಭೆಯಲ್ಲಿ ಭಾನುವಾರ ಭಾನುವಾರ ಹಾಡುತ್ತಿರುವ ನನ್ನ ಹಿರಿಯರಿಗೆ, ಇನ್ನೂ ಹುಟ್ಟದ ನಿಮ್ಮ ಮಗಳು ಕೃಪಾವತಿ ಕರ್ತನ ನಾಮದಲ್ಲಿ ಮಾಡುವ ವಂದನೆಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದ ಮಡಚಿಡಬೇಡಿ. ಏಪ್ರಿಲ್ ಮುಗಿದು ಮೇ ಹುಟ್ಟುವ ಮೊದಲು ಕೆಲವು ದಿನಗಳನ್ನು ನಾವು ಯಾವ ತಿಂಗಳಿಗೂ ಸೇರಿಸದೆ ಬಿಟ್ಟಿದ್ದೇವೆ, ಅವೇ ನಡುದಿನಗಳು. ಭೂಮಿಗೂ ಒಂದು ಸಬ್ಬತ್ತು ಬೇಕೆಂದು ಆಗ ಗಿರಣಿ, ಬಂಡಿ, ಯಂತ್ರ ಎಲ್ಲವನ್ನೂ ನಿಲ್ಲಿಸುತ್ತೇವೆ. ಈ ಕಾಗದ ನಿಮಗೆ ಬರುವುದು ಹಿಂದಂಚೆಯಲ್ಲಿ. ಕಳೆದ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆ ಅದು. ಒಂದು ಜೀವಕ್ಕೆ ಒಂದೇ ಕಾಗದ, ಉತ್ತರ ಬರುವ ದಾರಿಯಿಲ್ಲ. ನನಗೆ ಐವತ್ತು ತುಂಬಿತು, ಇನ್ನು ತಡಮಾಡಬಾರದೆಂದು ನನ್ನ ಪಾಲಿನದನ್ನು ಬರೆಯುತ್ತಿದ್ದೇನೆ. ನಾನು ಕಲಿತದ್ದು ಗದಗಿನ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ, ಅಷ್ಟೇ. ನಿಮಗೆ ಗೊತ್ತಿಲ್ಲದ ಮಾತು ನಡುವೆ ನುಸುಳಿದರೆ ಕ್ಷಮಿಸಿ, ಅರ್ಥ ಹೇಳುತ್ತಲೇ ಹೋಗುತ್ತೇನೆ. ಹೇಳುವುದು ಸಂತೋಷದ ಸುದ್ದಿ, ಆದ್ದರಿಂದ ಹೆದರದೆ ಓದಿ.

ನಿಮ್ಮ ಮುತ್ತಜ್ಜರ ಕಾಲದಲ್ಲಿ ಜರ್ಮನಿಯ ಪಾದ್ರಿಗಳು ಹಡಗು ಹತ್ತಿ ನಮ್ಮ ಸೀಮೆಗೆ ಬಂದರು. ನಮ್ಮ ಕಾಲದಲ್ಲಿ ನಾವು ಅವರ ಸೀಮೆಗೆ ಬಂದೆವು. ಕೈಮಗ್ಗದಲ್ಲಿ ನೇಯುವವರು ಇಲ್ಲಿ ಯಾರೂ ಉಳಿದಿರಲಿಲ್ಲ, ಹೀಗಾಗಿ ನನ್ನ ಯಜಮಾನರಿಗೆ ಕರೆ ಬಂತು. ನಿಮ್ಮ ಕಾಲದ ಹಿಮ, ಚಳಿ ಇಲ್ಲಿ ಈಗಿಲ್ಲ. ನದಿಯ ದಂಡೆಯ ಹೊಲಗಳಲ್ಲಿ ಬಿಳಿಜೋಳ ಬೆಳೆಯುತ್ತೇವೆ. ನಾನು ಹಾಡುಮನೆಯ ಅಡಿಗೆಯವಳು. ಹಾಡುಮನೆ ಎಂದರೆ ನಿಕೊಲಾಸ್ ದೇವಾಲಯದ ಹುಡುಗರ ಮೇಳ ಇರುವ ಮನೆ. ಅಲ್ಲಿಯ ಹುಡುಗರು ನನ್ನ ಕೈಯ ರೊಟ್ಟಿ, ಪುಂಡಿಪಲ್ಯ ತಿಂದೇ ದೊಡ್ಡವರಾಗುತ್ತಾರೆ. ಬಹಳ ವರ್ಷ ಬೇಡಿಕೊಂಡ ಮೇಲೆ ದೇವರು ನನಗೆ ಒಬ್ಬ ಮಗನನ್ನು ಕೊಟ್ಟನು. ಆಸಾಫ ಎಂದು ಹೆಸರಿಟ್ಟೆವು. ಬೈಬಲಿನ ಹನ್ನಳು ತನ್ನ ಮಗ ಸಮುವೇಲನನ್ನು ದೇವಾಲಯಕ್ಕೆ ಒಪ್ಪಿಸಿದ ಹಾಗೆ ನಾನೂ ಅವನನ್ನು ಆ ಮೇಳಕ್ಕೆ ಒಪ್ಪಿಸಿದೆ. ವ್ಯತ್ಯಾಸವೆಂದರೆ ಹನ್ನಳು ವರ್ಷಕ್ಕೊಮ್ಮೆ ಮಗನನ್ನು ನೋಡುತ್ತಿದ್ದಳು, ನಾನು ಮೂರು ಹೊತ್ತು ಊಟಕ್ಕೆ ಬಡಿಸುತ್ತಿದ್ದೆ.

ಆ ಮೇಳ ಇತ್ತೀಚಿನದಲ್ಲ, ಎಂಟುನೂರು ವರ್ಷಕ್ಕೆ ಹತ್ತಿರದ್ದು. ಮೊದಲು ಮಠದ ಸನ್ಯಾಸಿಗಳು ಬಡವರ ಮಕ್ಕಳನ್ನು ಕೂಡಿಸಿ, ಹೆಣದ ಮುಂದೆ ಹಾಡಿದರೆ ರೊಟ್ಟಿ, ಚಳಿಗಾಲಕ್ಕೆ ಒಂದು ಜೊತೆ ಬೂಟು ಎಂದು ಶುರುಮಾಡಿದರಂತೆ. ಮುಂದೆ ಜನ ತಮ್ಮ ಮಾತಿನಲ್ಲೇ ದೇವರನ್ನು ಸ್ತುತಿಸುವ ಕಾಲ ಬಂದಾಗ ಓದುಬರಹ ಬರುತ್ತಿದ್ದವರು ಕಡಿಮೆ. ಈ ಹುಡುಗರು ಜನರ ನಡುವೆ ಅಲ್ಲಲ್ಲಿ ನಿಂತು ಗಟ್ಟಿಯಾಗಿ ಹಾಡುತ್ತಿದ್ದರು, ಜನ ಅವರ ಹಿಂದೆ ಹಾಡಿ ಗೀತೆ ಕಲಿತರು. ಪ್ಲೇಗು ಬಂದಾಗ ಸಾಲಿನಲ್ಲಿದ್ದವರಲ್ಲಿ ಅರ್ಧ ಹುಡುಗರು ಹೋದರು, ಉಳಿದವರು ಅವರ ಮಣ್ಣಿಗೆ ಹಾಡಿದರು. ಒಂದು ಯುದ್ಧದಲ್ಲಿ ಗೋಪುರ ಸುಟ್ಟಿತು, ಆಲೂಗಡ್ಡೆ ತುಂಬುವ ನೆಲಮಾಳಿಗೆಯಲ್ಲಿ ನಿಂತು ಹಾಡಿದರು. ಆಮೇಲೆ ಮಹಾಪೂರ ಬಂದು ನದಿ ವೇದಿಕೆಯವರೆಗೆ ಏರಿದಾಗಲೂ ಹಾಡು ನಿಲ್ಲಲಿಲ್ಲ.

ಹುಡುಗರನ್ನು ತಯಾರು ಮಾಡುವ ಬಗೆ ಕೇಳಿ. ಹೊಸದಾಗಿ ಬಂದ ಹುಡುಗ ಮೊದಲು ಹಾಡುವುದೇ ಇಲ್ಲ. ಹಲಗೆಯ ನೆಲದ ಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಗೀತೆಗಳ ಪುಸ್ತಕ ಇಡುತ್ತಾರೆ. ಉಸಿರಿಗೆ ಪುಸ್ತಕ ಏರಬೇಕು, ಎದೆ ಏರಬಾರದು. ನಕ್ಕರೆ ಪುಸ್ತಕ ಬೀಳುತ್ತದೆ, ಒಬ್ಬನದು ಬಿದ್ದರೆ ಎಲ್ಲರದೂ ಬೀಳುತ್ತದೆ. ಆಮೇಲೆ ತುಟಿ ಮುಚ್ಚಿ ಗುಂಯ್‌ಗುಡುವುದು, ಮೆಟ್ಟಿಲು ಹತ್ತುತ್ತ ಸ್ವರ ಹಿಡಿಯುವುದು. ಒಬ್ಬೊಬ್ಬ ಚಿಕ್ಕವನಿಗೆ ಒಬ್ಬೊಬ್ಬ ಹಿರಿಯಣ್ಣ. ಚಿಕ್ಕವನ ಬೂಟಿನ ದಾರದಿಂದ ಹಿಡಿದು ಗಂಟಲಿನವರೆಗೆ ಎಲ್ಲ ಹಿರಿಯಣ್ಣನ ಜವಾಬ್ದಾರಿ. ಚೆಂಡಾಟದಲ್ಲಿ ಕೂಗಿ ಗಂಟಲು ಕೆಡಿಸಿಕೊಂಡು ಬಂದರೆ ಬೈಗುಳ ಹಿರಿಯಣ್ಣನಿಗೆ, ಶುಂಠಿ ಮೆಣಸಿನ ಕಷಾಯ ಚಿಕ್ಕವನಿಗೆ. ಧ್ವನಿ ಒಡೆದ ದಿನ ಹುಡುಗ ತನ್ನ ಅಂಗಿಯ ಬಿಳಿ ಕಾಲರ್ ಬಿಚ್ಚಿ ಮೇಜಿನ ಮೇಲಿಟ್ಟು ಸಾಲು ಬಿಟ್ಟು ಹೊರಗೆ ಬರಬೇಕು. ಅಲ್ಲಿಂದ ಒಂದು ವರ್ಷ ಹಾಡುವಂತಿಲ್ಲ, ಅದಕ್ಕೆ ಮೌನವರ್ಷ ಎನ್ನುತ್ತಾರೆ. ಆ ವರ್ಷ ಬಾಯಿ ತೆರೆದರೆ ಮುಂದೆ ಬರಬೇಕಾದ ಗಂಡುಧ್ವನಿ ಹಾಳಾಗುತ್ತದೆ.

ಇದೆಲ್ಲದರ ತುದಿ ಈಸ್ಟರ್ ಬೆಳಗು. ಪುನರುತ್ಥಾನದ ಹಬ್ಬದ ದಿನ ಬೆಳಕು ಹರಿಯುವ ಮೊದಲು ಹುಡುಗರು ಗೋಪುರ ಹತ್ತಿ ಗೀತೆ ಹಾಡುತ್ತಾರೆ. ಕೊನೆಯ ಆಮೆನ್ ಒಂದೇ ಸ್ವರ. ಸೂರ್ಯನ ಬೆಳಕು ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ತಗಡಿನ ಹುಂಜಕ್ಕೆ ತಾಗುವವರೆಗೆ ಅದು ಕಡಿಯಬಾರದು. ಆಮೆನ್ ಕಡಿಯದಿರುವ ತನಕ ಪಟ್ಟಣ ಮೇಳವನ್ನು ಸಾಕಬೇಕು, ಇದು ಹಳೆಯ ಕಟ್ಟಳೆ.

ನನ್ನ ಆಸಾಫ ಸಾಲಿಗೆ ಸೇರಿದ ಮೇಲೆ ಅದು ಕಡಿಯತೊಡಗಿತು. ಒಂದು ವರ್ಷ ಕಡಿಯಿತು, ಮರುವರ್ಷವೂ ಕಡಿಯಿತು. ನಮ್ಮ ಕಾಲದ ಹುಡುಗರಿಗೆ ಹತ್ತು ಹನ್ನೊಂದಕ್ಕೇ ಧ್ವನಿ ಒಡೆಯುತ್ತದೆ. ಕಲಿಸಲು ಸಮಯವಿಲ್ಲವೆಂದು ಪಟ್ಟಣದ ಸಭೆಯವರು ಉಸಿರುಪಟ್ಟಿ ತರಿಸಿದ್ದರು. ಎದೆಗೆ ಕಟ್ಟುವ ಪಟ್ಟಿ ಅದು. ಎಲ್ಲಿ ಉಸಿರು ತೆಗೆದರೆ ಚೆನ್ನ ಎಂದು ಚುರುಕ್ಕೆಂದು ಒತ್ತಿ ತೋರಿಸುತ್ತದೆ. ಒಬ್ಬೊಬ್ಬನನ್ನೇ ನಿಲ್ಲಿಸಿ ಹಾಡಿಸಿದರೆ ಒಂದು ಕುಂದೂ ಹುಡುಕಲಾಗದು. ಎಲ್ಲರೂ ಕೂಡಿದರೆ ಮಾತ್ರ ಆಮೆನ್ ನಡುವೆ ಬಾವಿ ಬಿದ್ದ ಹಾಗೆ ಖಾಲಿ. ಹಾಡಿಸುವವರಿಗೆ ಇಲ್ಲಿ ಕಾಂಟರ್ ಎನ್ನುತ್ತಾರೆ. ನಮ್ಮ ಕಾಂಟರ್ ವೆಂಡೆಲಿನ್ ಅವರು ಕಾರಣ ಹಿಡಿದರು. ಪಟ್ಟಿ ಎಲ್ಲರಿಗೂ ಒಂದೇ ಒಳ್ಳೆಯ ಜಾಗ ಕಲಿಸಿತ್ತು, ಆದ್ದರಿಂದ ಎಲ್ಲರೂ ಒಮ್ಮೆಗೇ ಉಸಿರು ತೆಗೆಯುತ್ತಿದ್ದರು.

ಅಷ್ಟರಲ್ಲಿ ಪಟ್ಟಣದ ಸಭೆಯ ಅಧ್ಯಕ್ಷೆ ಫ್ರೌ ಟೆಸ್ಮರ್, ಅಂದರೆ ಶ್ರೀಮತಿ ಟೆಸ್ಮರ್, ಊಟದ ಹೊತ್ತಿಗೆ ಬಂದು ಹೇಳಿಹೋಗಿದ್ದರು. ಈ ಸಲವೂ ಆಮೆನ್ ಕಡಿದರೆ ಹಾಡುಮನೆ ಮುಚ್ಚುವುದು, ಹುಡುಗರನ್ನು ಮನೆಗೆ ಕಳಿಸುವುದು, ಇನ್ನು ಮುಂದೆ ಸ್ವರಪೆಟ್ಟಿಗೆ ಹಾಡುವುದು. ಹಿಂದಿನ ಎಲ್ಲ ಹುಡುಗರ ಧ್ವನಿ ಕೂಡಿಸಿ ಮಾಡಿದ ಯಂತ್ರ ಅದು. ಕೆಟ್ಟ ಹೆಂಗಸೇನಲ್ಲ ಆಕೆ. ಮಕ್ಕಳನ್ನು ಸೋಲಿಸಲಿಕ್ಕೆಂದೇ ಪ್ರತಿ ವರ್ಷ ಗೋಪುರ ಹತ್ತಿಸುವುದು ಯಾವ ನ್ಯಾಯ ಎಂದು ಕೇಳಿದರು, ಎರಡು ರೊಟ್ಟಿ ಹಾಕಿಸಿಕೊಂಡು ತಿಂದು ಹೋದರು.

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಲೆಂಟ್ ಶುರುವಾದ ದಿನವೇ ಕಾಂಟರ್ ಎಲ್ಲರ ಪಟ್ಟಿ ಬಿಚ್ಚಿಸಿದರು. ಅವರು ಹುಡುಗರಾಗಿದ್ದಾಗ ಕಲಿತ ಹಳೆಯ ಪದ್ಧತಿಯೊಂದಿತ್ತು. ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕು. ಎಡಗಡೆಯವನು ಉಸಿರು ತುಂಬಿಕೊಳ್ಳುವಾಗ ಅವನ ಭುಜ ನಿನಗೆ ತಿಳಿಯುತ್ತದೆ, ಆಗ ನೀನು ಹಾಡುತ್ತಲೇ ಇರಬೇಕು. ಅವನು ಸ್ವರಕ್ಕೆ ಮರಳಿದ ಮೇಲೆ ನಿನ್ನ ಸರದಿ. ಹೀಗೆ ಉಸಿರು ಸಾಲಿನ ತುದಿಯಿಂದ ತುದಿಗೆ ಕೈಬದಲಾಗುತ್ತ ಹೋಗುತ್ತದೆ, ಕೆಳಗೆ ಕೇಳುವವರಿಗೆ ಹಾಡು ಮಾತ್ರ ಕೇಳುತ್ತದೆ. ಮೊದಮೊದಲು ಹುಡುಗರಿಂದ ಆಗಲೇ ಇಲ್ಲ. ಸ್ವರದ ನಡುವೆ ಉಸಿರು ತೆಗೆಯುವುದೇ ಪಾಪ ಎನ್ನುವಂತೆ ಬಿಗಿಹಿಡಿದು ನಿಂತು ಮುಖ ಕೆಂಪು ಮಾಡಿಕೊಂಡರು. ಟಿಲ್ ಎಂಬ ಚಿಕ್ಕವನು ತಲೆ ತಿರುಗಿ ಕೂತೇಬಿಟ್ಟ. ಆಸಾಫ ಅವನ ಹಿರಿಯಣ್ಣ. ಊಟಕ್ಕೆ ಕೂತಾಗಲೂ ಇಬ್ಬರೂ ಭುಜ ತಾಗಿಸಿ ಗುಂಯ್‌ಗುಟ್ಟಿ ಅಭ್ಯಾಸ ಮಾಡುತ್ತಿದ್ದರು, ಬಡಿಸಲು ಹೋದರೆ ಸೌಟು ಕಂಡರೂ ನಿಲ್ಲಿಸುತ್ತಿರಲಿಲ್ಲ. ಲೆಂಟ್ ಮುಗಿಯುತ್ತ ಬಂದಾಗ ಒಂದು ಸಂಜೆ ನಾನು ಹಿಟ್ಟು ನಾದುತ್ತಿದ್ದೆ. ಮೇಲಿನ ಕೋಣೆಯಲ್ಲಿ ಸ್ವರ ಎದ್ದಿತು, ನಿಲ್ಲಲಿಲ್ಲ. ಹಿಟ್ಟು ಹದಕ್ಕೆ ಬಂತು, ಸ್ವರ ಇನ್ನೂ ಇತ್ತು. ನಾನು ಹಿಟ್ಟಿನ ಕೈಯಲ್ಲೇ ಸ್ತೋತ್ರ ಮಾಡಿದೆ.

ಶುಭ ಶುಕ್ರವಾರದ ಆರಾಧನೆಯಲ್ಲಿ ಆಸಾಫನ ಧ್ವನಿ ಒಡೆಯಿತು. ಗೀತೆಯ ಎತ್ತರದ ಸ್ವರದಲ್ಲಿ ಗಂಟಲು ಕರ್ರೆಂದಿತು, ಇಡೀ ದೇವಾಲಯಕ್ಕೆ ಕೇಳಿತು. ನನ್ನ ಅಡಿಗೆಮನೆಯಲ್ಲಿ ಕುಳಿತು ಈ ಜರ್ಮನ್ ಹುಡುಗರು ಕಲಿತ ಕನ್ನಡ ಅಷ್ಟು ಚೆಂದದ್ದಲ್ಲ. ಹೊರಗೆ ಬಂದ ಕೂಡಲೇ ಟಿಲ್ ಹೇಳಿದ್ದು ಇದು:

"ಆಸಾಫಣ್ಣ, ನಿನ್ನ ಗಂಟಲದಾಗ ಕತ್ತಿ ಹೊಕ್ಕೈತಿ."

ಗಂಟಲಿಗೆ ಕತ್ತೆ ಹೊಕ್ಕಿದೆ ಎನ್ನಿಸಿಕೊಂಡು ಬೇರೆ ದಿನವಾಗಿದ್ದರೆ ಆಸಾಫ ಅಟ್ಟಿಸಿಕೊಂಡು ಹೋಗುತ್ತಿದ್ದ. ಅಂದು ಸುಮ್ಮನೆ ಕಾಲರ್ ಬಿಚ್ಚಿ ಮೇಜಿನ ಮೇಲಿಟ್ಟು, ಅಡಿಗೆಮನೆಗೆ ಬಂದು ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕುಳಿತ. ನಾನು ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ, ಕಷಾಯ ಕೊಟ್ಟೆ. ಕುಡಿದ.

ಮರುದಿನ ಕಾಂಟರ್ ಅವನಿಲ್ಲದೆ ಸಾಲು ಕೂಡಿಸಿ ನೋಡಿದರು. ಆಸಾಫನ ಎಡಗಡೆಯ ಹುಡುಗ, ಬಲಗಡೆಯ ಟಿಲ್ ಇಬ್ಬರೂ ಅವನ ಭುಜಕ್ಕೆ ಒಗ್ಗಿದ್ದರು. ಅವರಿಬ್ಬರನ್ನೇ ತಾಗಿಸಿ ನಿಲ್ಲಿಸಿದರೆ ಒಬ್ಬನದು ಇನ್ನೊಬ್ಬನಿಗೆ ತಿಳಿಯದೆ ಇಬ್ಬರೂ ಒಟ್ಟಿಗೆ ಉಸಿರು ತೆಗೆಯುತ್ತಿದ್ದರು. ಬಾವಿ ಮತ್ತೆ ಬಿತ್ತು. ಮತ್ತೆ ಹಾಡಿಸಿದರು, ಮತ್ತೆ ಬಿತ್ತು. ಹೊಸ ಭುಜ ಕಲಿಯಲು ದಿನಗಳಿರಲಿಲ್ಲ. ಹುಡುಗರು ಅಳಲು ಶುರುಮಾಡಿದರು. ಆಗ ಬೆಂಚಿನ ಮೇಲೆ ಕುಳಿತಿದ್ದ ಆಸಾಫ ಎದ್ದು ಕಾಂಟರ್ ಹತ್ತಿರ ಹೋಗಿ ಜರ್ಮನ್‌ನಲ್ಲಿ ಏನೋ ಪಿಸುಗುಟ್ಟಿ, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ:

"ನಾ ಬಾಯಿ ತಗಿಯೂದಿಲ್ಲವ್ವಾ. ಸುಮ್ಮ ನಿಂದರ್ತೇನಿ. ಉಸಿರಷ್ಟ ಹಾಡಿದಂಗ ತಗೋತೇನಿ."

ಕಾಲರ್ ಬಿಚ್ಚಿದವನು ಸಾಲಿನಲ್ಲಿ ನಿಂತ ಉದಾಹರಣೆ ಆ ಎಂಟುನೂರು ವರ್ಷಗಳಲ್ಲಿ ಇಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ನನ್ನದಿತ್ತು. ಸುತ್ತಲೂ ಹಾಡು ಏಳುವಾಗ ಬಾಯಿ ಮುಚ್ಚಿ ನಿಲ್ಲುವುದು ಹಾಡುವ ಹುಡುಗನಿಗೆ ಸುಲಭವಲ್ಲ, ತಡೆಯಲಾರದೆ ಒಮ್ಮೆ ಬಾಯಿ ತೆರೆದರೆ ಅವನ ಜೀವಮಾನದ ಧ್ವನಿಯೇ ಹೋದೀತು. ಕಾಂಟರ್ ನನ್ನನ್ನು ಕೇಳಿದರು, ನೀವು ತಾಯಿ, ನೀವು ಹೇಳಿದ ಹಾಗೆ ಎಂದರು. ನಾನು ಮಗನ ಮುಖ ನೋಡಿದೆ. ನನಗೆ ಜರ್ಮನ್ ಬರುತ್ತದೆ, ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು ನಮ್ಮ ಮಾತೇ.

"ಹಾಡೂದು ಬಿಟ್ಟಾನ್ರೀ, ಉಸಿರು ಬಿಟ್ಟಿಲ್ಲಲ್ಲ. ನಿಂದರ್ಲಿ."

ಟಿಲ್ ಅದನ್ನು ಕಾಂಟರ್‌ಗೆ ಜರ್ಮನ್‌ನಲ್ಲಿ ತಿಳಿಸಿದ.

ಈಸ್ಟರ್ ಬೆಳಗಿನ ಕತ್ತಲಲ್ಲಿ ಪಟ್ಟಣವೆಲ್ಲ ಚೌಕದಲ್ಲಿ ನಿಂತಿತ್ತು. ದೇವಾಲಯದ ಮೆಟ್ಟಿಲ ಮೇಲೆ ಸ್ವರಪೆಟ್ಟಿಗೆ ಇಟ್ಟಿದ್ದರು. ಆಮೆನ್ ಕಡಿದ ಕೂಡಲೇ ಅದರ ಗುಂಡಿ ಒತ್ತಲು ಒಬ್ಬ ಮನುಷ್ಯ, ಅವನ ಪಕ್ಕದಲ್ಲಿ ಫ್ರೌ ಟೆಸ್ಮರ್. ಗೀತೆ ಮುಗಿದು ಆಮೆನ್ ಎದ್ದಿತು. ಪೂರ್ವದ ಕಡೆ ಬೆಳ್ಳಗಾಯಿತು. ಇನ್ನೇನು ಹುಂಜಕ್ಕೆ ಬೆಳಕು ಬೀಳಬೇಕು, ಆಗ ಗುಡ್ಡದ ಸಾಲಿನ ಮೇಲೆ ಒಂದು ದಪ್ಪ ಮೋಡ ಬಂದು ಕೂತಿತು. ಸೂರ್ಯ ಅದರ ಹಿಂದೆ ಹೋದ. ಜನ ಅಯ್ಯೋ ಎಂದು ಉಸಿರೆಳೆದರು. ಆಮೆನ್ ಎಂದಿನ ಅಳತೆ ದಾಟಿತು, ಹಿಂದಿನ ವರ್ಷ ಬಾವಿ ಬಿದ್ದ ಜಾಗ ದಾಟಿತು. ಪೆಟ್ಟಿಗೆಯ ಮನುಷ್ಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಮೇಲೆ ನೋಡುತ್ತ ನಿಂತಿದ್ದ. ನಾನು ಸ್ವರಗಳ ನಡುವೆ ಕಿವಿಗೊಟ್ಟು ಮಗನ ಧ್ವನಿ ಹುಡುಕುತ್ತಿದ್ದೆ, ಅದು ಇರಬಾರದೆಂದು ಬೇಡುತ್ತಿದ್ದೆ. ಇರಲಿಲ್ಲ. ಅವನಿಲ್ಲದ ಸ್ವರ ಅವನ ಮೂಲಕವೇ ಹಾದು ಈಚೆಯಿಂದ ಆಚೆಗೆ ಹೋಗುತ್ತಿತ್ತು, ಎಲ್ಲಿಯೂ ಕಡಿಯದೆ. ನನ್ನ ಸುತ್ತ ನಿಂತವರು ತಮಗೆ ತಿಳಿಯದೆಯೇ ಒಬ್ಬರ ತೋಳಿಗೆ ಒಬ್ಬರು ತಾಗಿ ನಿಂತಿದ್ದರು.

ಮೋಡ ಹರಿಯಿತು. ತಗಡಿನ ಹುಂಜ ಕೆಂಡದ ಹಾಗೆ ಹೊಳೆಯಿತು. ಗಂಟೆಗಳು ಹೊಡೆದವು. ಈ ಪಟ್ಟಣದಲ್ಲಿ ದೇವರ ಹಾಡಿಗೆ ಚಪ್ಪಾಳೆ ಹೊಡೆಯುವ ಪದ್ಧತಿಯಿಲ್ಲ. ಅಂದು ಮೊದಲು ಚಪ್ಪಾಳೆ ಹೊಡೆದವರು ಫ್ರೌ ಟೆಸ್ಮರ್. ಮೇಳ ಉಳಿಯಿತೆಂದು ಅಲ್ಲೇ, ಆ ಮೆಟ್ಟಿಲ ಮೇಲೇ ಅವರು ಘೋಷಿಸಿದರು. ಪೆಟ್ಟಿಗೆ ಬಂದ ಬಂಡಿಯಲ್ಲೇ ಹಿಂದಿರುಗಿತು. ಉಸಿರುಪಟ್ಟಿಗಳನ್ನು ನಾನು ಹಿತ್ತಲಲ್ಲಿ ಅವರೆಬಳ್ಳಿಯ ಚಪ್ಪರಕ್ಕೆ ಕಟ್ಟಿದ್ದೇನೆ, ಬಹಳ ಗಟ್ಟಿ.

ಗೋಪುರ ಇಳಿದು ಬಂದ ಆಸಾಫನ ಎರಡೂ ಭುಜ ಟಿಲ್ ಮತ್ತು ಆ ಇನ್ನೊಬ್ಬ ಹುಡುಗನ ಬೆವರಿನಿಂದ ಒದ್ದೆಯಾಗಿದ್ದವು. ಹಸಿವೆ ಎಂದ. ಅಷ್ಟೇ ಎಂದ.

ಇದು ಹೋದ ವರ್ಷದ ಮಾತು. ಈಗ ಬೇರೆ ಪಟ್ಟಣಗಳ ಮೇಳದವರು ಭುಜದ ಪದ್ಧತಿ ಕಲಿಯಲು ನಮ್ಮಲ್ಲಿಗೆ ಬರುತ್ತಿದ್ದಾರೆ, ನನಗೆ ರೊಟ್ಟಿ ಬಡಿದು ಸಾಕಾಗುತ್ತಿದೆ. ಧ್ವನಿ ಒಡೆದವನನ್ನು ಈಗ ಯಾರೂ ಸಾಲಿನಿಂದ ಹೊರಗೆ ಕಳಿಸುವುದಿಲ್ಲ. ಈ ಈಸ್ಟರ್‌ಗೆ ಬೇರೊಬ್ಬ ಹುಡುಗ ಬಾಯಿ ಮುಚ್ಚಿ ನಡುವೆ ನಿಂತಿದ್ದ. ಹಿಂದಿನ ಸಾಲಿನಲ್ಲಿ ಆಸಾಫ ಹೊಸ ಧ್ವನಿಯಲ್ಲಿ, ನನ್ನ ಅಪ್ಪನ ಧ್ವನಿಯಲ್ಲಿ, ಹಾಡಿದ. ಕರ್ತನಿಗೆ ಸ್ತೋತ್ರ.

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ ಇದೆ. ನಿಮ್ಮ ಕಾಲದಲ್ಲೇ ಮಕ್ಕಳು ಒಬ್ಬೊಬ್ಬರೇ ಕೂತು ಯಂತ್ರದ ಮುಂದೆ ಹಾಡು ಕಲಿಯುವುದು ಶುರುವಾಗಿದೆಯೆಂದು ನಮ್ಮ ಶಾಲೆಯಲ್ಲಿ ಓದಿದ್ದೆ. ಕಲಿಯಲಿ, ಬೇಡವೆನ್ನುವುದಿಲ್ಲ. ಆದರೆ ಭಾನುವಾರ ಅವರನ್ನು ಕರೆದುಕೊಂಡು ಬಂದು ಬೆಂಚಿನಲ್ಲಿ ನಿಮ್ಮ ಪಕ್ಕಕ್ಕೇ, ತಾಗಿಸಿ ನಿಲ್ಲಿಸಿಕೊಳ್ಳಿ. ಅಪಸ್ವರ ಬಂದರೆ ಬರಲಿ, ಗಂಟಲು ಕಟ್ಟಿದವರಿದ್ದರೆ ಅವರೂ ನಿಲ್ಲಲಿ. ಆ ಮಗು ಉಸಿರು ತೆಗೆದುಕೊಳ್ಳುವಾಗ ನೀವು ಹಾಡುತ್ತಿರಿ, ನೀವು ತೆಗೆದುಕೊಳ್ಳುವಾಗ ಅದು ಹಾಡುತ್ತಿರಲಿ. ನೀವು ಅಲ್ಲಿ ಹಾಡನ್ನು ಬಿಡದೆ ಹಿಡಿದರೆ ಅದು ನಮ್ಮವರೆಗೆ ಬಂದು ಮುಟ್ಟುತ್ತದೆ.

ಮುಟ್ಟಿದೆ. ಅದನ್ನು ಹೇಳಲಿಕ್ಕೆಂದೇ ಬರೆದೆ.

ನಿಮ್ಮವಳೇ ಆದ,
ಕೃಪಾವತಿ, ಹಾಡುಮನೆಯ ಅಡಿಗೆಯವಳು