‘ಜಾನುವಾರುಗಳಿಗೆ ಯೋಗ್ಯ’ ಎಂಬ ಮೊಹರು

ಮಾನ್ಯ ಗೋದಾಮಿನ ಗುಣಮಟ್ಟ ಅಧಿಕಾರಿಗಳೇ,

ಮಳೆಗೆ ನೆನೆದು ಹಸಿರು ಬೂಷ್ಟು ಹಿಡಿದ ಅಕ್ಕಿಚೀಲಗಳ ಮೇಲೆ ‘ಮನುಷ್ಯರಿಗೆ ಅಯೋಗ್ಯ, ಜಾನುವಾರುಗಳಿಗೆ ಯೋಗ್ಯ’ ಎಂದು ಮೊಹರು ಒತ್ತಿ ಹರಾಜು ಹಾಕಿದಿರಲ್ಲ, ನಿಮ್ಮ ಜಾಣತನಕ್ಕೆ ದೊಡ್ಡ ನಮಸ್ಕಾರ. ಹಸು ತಿಂದದ್ದು ಹಸುವಿನ ಹೊಟ್ಟೆಯಲ್ಲೇ ಉಳಿಯುತ್ತದೆಂದು ಯಾವ ಪುಣ್ಯಾತ್ಮರು ನಿಮಗೆ ಪಾಠ ಹೇಳಿದರು? ಹಾಲು ಪ್ಯಾಕೆಟ್ಟಿನಲ್ಲೇ ಹುಟ್ಟುತ್ತದೆ ಅಂದುಕೊಂಡಿದ್ದೀರೋ?

ಪೆರಂಬೂರಿನಲ್ಲಿ ನಮ್ಮದೊಂದು ಸಣ್ಣ ಸಸ್ಯಾಹಾರಿ ಹೋಟೆಲು. ಅನ್ನ ಇಳಿಸಿದ ಕೂಡಲೇ ಮೊದಲ ತುತ್ತನ್ನು ಗೋಗ್ರಾಸವೆಂದು ಹಸುವಿಗೆ ಎತ್ತಿಡುವ ಮನೆತನ. ಹಾಲು ಹಾಕುವವರು ಮಾಧವರಂನ ಏಳುಮಲೈ. ಮೊಮ್ಮಗಳು ವೀಕ್ಷಾಗೆ ವರ್ಷ ತುಂಬಿದಾಗ ನಾನೇ ಹಟ ಹಿಡಿದೆ: ಮಗುವಿಗೆ ಒಂದೇ ಹಸುವಿನ ಹಾಲಾಗಬೇಕು, ಹತ್ತು ಹಸುಗಳದ್ದು ಬೆರೆಯಬಾರದು. ಅವರ ಕೆಂಪು ಹಸುವಿನ ಹಾಲು ಅವಳಿಗೆಂದೇ ಬೇರೆ ತಂಬಿಗೆಯಲ್ಲಿ ಬರತೊಡಗಿತು. ಅಷ್ಟರಲ್ಲಿ ನಿಮ್ಮ ಮೊಹರಿನ ಅಕ್ಕಿ ಮೇವಿನಂಗಡಿಗೆ ಬಂತು. ನಮ್ಮ ಹೋಟೆಲಿನಲ್ಲೂ ಮಳೆಗೆ ನೆನೆದು ಬೂಷ್ಟು ಹಿಡಿದ ಎರಡು ಚೀಲ ಅಕ್ಕಿ ಬಿದ್ದಿತ್ತು. ನಿಮ್ಮ ಮೊಹರು ನೋಡಿ ನಮ್ಮ ಯಜಮಾನರಿಗೂ ಧೈರ್ಯ ಬಂತು.

“ಸರ್ಕಾರದವರೇ ಆಗ್ತದೆ ಅಂತ ಬರೆದಿದ್ದಾರಲ್ಲ ಮಾರಾಯ್ತಿ! ನಮ್ಮ ನೆನೆದ ಎರಡು ಚೀಲ ಆ ಕೆಂಪಿಗೇ ಕೊಡುವ. ಪುಣ್ಯ ಬರ್ತದೆ.”

ನಾನೂ ಕೈಮುಗಿದು ಕಳಿಸಿದೆ. ಎಂಥ ಪುಣ್ಯ! ಒಂದೂವರೆ ತಿಂಗಳು ಹಸು ಆ ಅಕ್ಕಿ ತಿಂದಿತು, ಮಗು ಆ ಹಾಲು ಕುಡಿಯಿತು. ಆಮೇಲೆ ಹಸು ಮೇವು ಬಿಟ್ಟಿತು, ಗಬ್ಬ ಹೋಗಿ ಹೊಟ್ಟೆಯ ಕರುವೂ ಉಳಿಯಲಿಲ್ಲ. ಪಶುವೈದ್ಯರು ಚೀಲಕ್ಕೆ ಕೈಹಾಕಿ ನೋಡಿ ನಮ್ಮೆಲ್ಲರಿಗೂ ಚೆನ್ನಾಗಿ ಬೈದರು. ಬೂಷ್ಟಿನ ವಿಷ ಹಾಲಿಗಿಳಿಯುತ್ತದಂತೆ, ಎಷ್ಟು ಕಾಯಿಸಿದರೂ ಹೋಗುವುದಿಲ್ಲವಂತೆ. ವೀಕ್ಷಾಳ ಲಿವರ್ ಹೇಗಿದೆಯೆಂದು ನೋಡಲು ಮೊನ್ನೆ ರಕ್ತ ತೆಗೆದಿದ್ದಾರೆ. ವರದಿ ಇನ್ನೂ ಬಂದಿಲ್ಲ. ನನಗೆ ಅನ್ನ ಸೇರುತ್ತಿಲ್ಲ.

ಒಂದು ಹಿಡಿ ಅಕ್ಕಿ, ಒಂದು ಬಾಟಲಿ ಹಾಲು ಹಿಡಿದು ನಿಮ್ಮ ಕಚೇರಿಗೂ ಬಂದೆ. “ಅಮ್ಮಾ, ಅರಿಸಿ ದಾನ್ ಎಂಗ ಡಿಪಾರ್ಟ್‌ಮೆಂಟ್. ಪಾಲ್ ವೇರೆ” ಎಂದರು ನಿಮ್ಮ ಗುಮಾಸ್ತರು. ಅಕ್ಕಿಯಷ್ಟೇ ನಿಮ್ಮದು, ಹಾಲು ಬೇರೆ ಇಲಾಖೆಯದ್ದು! ಆಹಾ! ಸ್ವಾಮೀ, ಹಸುವಿನ ಹೊಟ್ಟೆಯೊಳಗೆ ಇಲಾಖೆಗಳ ಗಡಿ ಎಲ್ಲಿದೆಯೆಂದು ಸ್ವಲ್ಪ ತೋರಿಸುತ್ತೀರಾ?

ನನ್ನ ತಪ್ಪನ್ನು ನಾನು ಒಪ್ಪಿಕೊಂಡಿದ್ದೇನೆ. ಏಳುಮಲೈಯವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದೇನೆ. ಇನ್ನು ನಿಮ್ಮ ಸರದಿ. ಆ ಮೊಹರನ್ನು ಇಂದೇ ಒಡೆದುಹಾಕಿ. ಹರಾಜಾದ ಚೀಲಗಳನ್ನು ವಾಪಸು ತರಿಸಿ. ಆ ಅಕ್ಕಿ ತಿಂದ ಹಸುಗಳ ಹಾಲನ್ನು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ. ವೀಕ್ಷಾ ಲೋಟ ಚಾಚಿಕೊಂಡು, “ಅಜ್ಜಿ, ಪಾಲ್, ಪಾಲ್” ಎಂದು ಅಳುತ್ತಾಳೆ. ಯಾಕೆ ಕೊಡುತ್ತಿಲ್ಲವೆಂದು ಅವಳಿಗೆ ನೀವೇ ಹೇಳಿ. 

ಇಂತಿ,
ವಿಷಕ್ಕೆ ಕೈಮುಗಿದು ಕಳಿಸಿಕೊಟ್ಟ ಅಜ್ಜಿ,
ಸರಸ, ಪೆರಂಬೂರು