ಅಂಜನಾಳ ಎರಡು ಫೋಟೊ

ಗಾಂಧಿನಗರ, ಬಳ್ಳಾರಿ
೧೪ ಜುಲೈ ೨೦೨೫

ಪ್ರೀತಿಯ ಅಣ್ಣಾ,

ಪುಣೆಯಲ್ಲಿ ಮಳೆ ಹಿಡಿದಿದೆಯಂತೆ. ನಿನ್ನ ಬೆನ್ನುನೋವು ಹೇಗಿದೆ? ಅತ್ತಿಗೆಯ ಕೆಮ್ಮು ನಿಂತಿತೇ? ಕುರುಗೋಡಿನಲ್ಲಿ ಅವ್ವ ಆರಾಮಾಗಿದ್ದಾಳೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಗೋಡೆಯ ತುದಿಯ ಹಲ್ಲಿಯನ್ನೂ ಗುರುತಿಸಿ ಬೈಯುತ್ತಾಳೆ. ನಿನಗೆ ಫೋನು ಮಾಡಬಹುದಿತ್ತು. ಮಾಡಿದರೆ ನೀನು ನಗಿಸುತ್ತೀ, ನಾನು ನಗುತ್ತೇನೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಬರೆಯಲು ಕೂತೆ. ಆ ಭಾಷೆಯಲ್ಲಿ ನನಗೆ ಸಿಟ್ಟು ಮಾಡಲು ಬರುವುದಿಲ್ಲ. ಎರಡನೇ ಸಾಲಿಗೇ ಕ್ಷಮೆ ಕೇಳಿಬಿಟ್ಟಿದ್ದೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಿನ್ನ ಗಿರಾಕಿಗಳಿಗೆಂದು ಮಾಡಿದ ವಿಡಿಯೊ ನೋಡಿದೆ. ಕಾಂಟ್ಯಾಕ್ಟ್ ಲೆನ್ಸ್ ತಯಾರಿಸುವ ಕಂಪನಿಯ ಷೇರು ಯಾಕೆ ಕೊಳ್ಳಬೇಕೆಂದು ಚೆನ್ನಾಗಿಯೇ ವಿವರಿಸಿದ್ದೀ. ಆದರೆ ನಡುವೆ ನನ್ನ ಮಗಳ ಎರಡು ಫೋಟೊ ಯಾಕೆ ಬಂದವು? ಒಂದರಲ್ಲಿ ಅಂಜನಾ ದಪ್ಪ ಕನ್ನಡಕದಲ್ಲಿದ್ದಾಳೆ. ಇನ್ನೊಂದು ಸಿರುಗುಪ್ಪದವರು ಅವಳನ್ನು ನೋಡಲು ಬಂದ ದಿನದ್ದು, ರೇಷ್ಮೆ ಸೀರೆ ಉಟ್ಟು ಲೆನ್ಸ್ ಹಾಕಿ ಕೂತದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು, "ಹೆಣ್ಣು ನೋಡೂ ಪದ್ಧತಿ ಇರೂತನಕ ಈ ಧಂದೆಕ್ಕ ಸೋಲಿಲ್ಲರಿ, ನಮ್ಮ ಮನಿಯಾಗ ನೋಡ್ರಿ" ಅನ್ನುತ್ತೀ. ಆ ಫೋಟೊಗಳನ್ನು ನಾನು ಕಳಿಸಿದ್ದು ಸೋದರಮಾವನಿಗೆ, ಷೇರು ಮಾರುವವನಿಗಲ್ಲ.

ಅವಳು ಲೆನ್ಸ್ ಹಾಕಿದ್ದಾದರೂ ಯಾರ ಮಾತಿಗೆ? "ಒಂದ್ ತಾಸಿನ ಮಾತದು, ಸುನಂದಾ. ಕನ್ನಡಕ ಕಂಡ್ರ ಸಂಬಂಧ ಹೋಗ್ತೈತಿ" ಎಂದವನು ನೀನು. ಅವಳನ್ನು ಅಂಗಡಿಗೆ ಕರೆದುಕೊಂಡು ಹೋದವಳು ನಾನು. ಆ ಪಾಲನ್ನು ನಿನ್ನ ಮೇಲೆ ಹಾಕುವುದಿಲ್ಲ. ಕಾಲೇಜಿನಲ್ಲಿ ಹುಡುಗರಿಗೆ ಬೆಳಕು, ಮಸೂರ ಎಂದು ಪಾಠ ಹೇಳುವ ಹುಡುಗಿ ಕನ್ನಡಿಯ ಮುಂದೆ ತನ್ನ ಕಣ್ಣಿಗೆ ತಾನೇ ಹೆದರಿ ನಿಂತಿದ್ದಳು. ನಮ್ಮೂರ ಬಿಸಿಲು, ಧೂಳು ನಿನಗೆ ಗೊತ್ತು. ಬಂದವರು ಅಕ್ಕಿ ಗಿರಣಿಯವರು. ಹುಡುಗನ ಅಜ್ಜಿ ವಿರೂಪಮ್ಮ ತಮ್ಮ ಗಿರಣಿಯ ಅಕ್ಕಿಯನ್ನೇ ಕಟ್ಟಿಕೊಂಡು ಬಂದಿದ್ದರು. ತಟ್ಟೆಗೆ ಸುರಿದು, "ನೆಲ್ಲು ಆರಿಸವ್ವ, ನೋಡೂಣು" ಎಂದರು. ಲೆನ್ಸ್ ಚುಚ್ಚಿ ಕಣ್ಣಿಂದ ನೀರು ಸುರಿಯುತ್ತಿದ್ದರೂ ಒಂದೇ ಒಂದು ನೆಲ್ಲು ಉಳಿಯದಂತೆ ಆರಿಸಿದಳು ನನ್ನ ಮಗಳು. ತವರು ಬಿಡುವ ಸಂಕಟ ಎಂದು ತಿಳಿದು ಆ ಹಿರಿಯರು ತಲೆ ಸವರಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಅದೇ ಹೊತ್ತಿಗೆ ಹುಡುಗನ ಚಿಕ್ಕಪ್ಪ ಕೊಟ್ರಬಸಪ್ಪನವರು ನಮ್ಮ ಪಡಸಾಲೆಯಲ್ಲಿ ವಗ್ಗಾಣಿ ಮಿರ್ಚಿ ತಿನ್ನುತ್ತ ನಿನ್ನ ಜೊತೆ ಫೋನಿನಲ್ಲಿ ಷೇರಿನ ಮಾತಾಡುತ್ತಿದ್ದರು. ಅವತ್ತೇ ನೀನು ಅವರನ್ನು ಗಿರಾಕಿ ಮಾಡಿಕೊಂಡೆ. ಉಳಿದ ಗಿರಾಕಿಗಳ ಜೊತೆ ಅವರಿಗೂ ವಿಡಿಯೊ ಹೋಯಿತು. ಯಾರಿಂದ ಮುಚ್ಚಿಡು ಎಂದೆಯೋ ಅವರ ಕೈಗೇ ನೀನು ಅದನ್ನು ಕೊಟ್ಟೆ ಅಣ್ಣಾ, ಅದೂ ಹೆಮ್ಮೆಯಿಂದ. ಅವರ ಮನೆಯವರೆಲ್ಲ ಕೂತು ನೋಡಿದರಂತೆ. ವಿರೂಪಮ್ಮ ನನಗೇ ಫೋನು ಮಾಡಿದರು. ಏರುದನಿಯಿಲ್ಲದೆ, "ಕನ್ನಡಕ ಇದ್ರ ಏನಾಗ್ತಿತ್ತವ್ವಾ, ನಂಗೂ ಐತಿ. ಮುಚ್ಚಿಟ್ರಿ ನೋಡು, ಅದು ಸರಿ ಕಾಣಲಿಲ್ಲ" ಎಂದು ಸಂಬಂಧ ಬೇಡವೆಂದರು. ಆಮೇಲೆ ಫೋನು ಕೊಟ್ರಬಸಪ್ಪನವರ ಕೈಗೆ ಹೋಯಿತು. ಸಮಾಧಾನ ಹೇಳುತ್ತಾರೆ ಅಂದುಕೊಂಡೆ. "ಅಕ್ಕಾರ, ಆ ಷೇರು ಇನ್ನಾ ಏರತೈತೇನಂತ ನಿಮ್ಮಣ್ಣಾರಿಗೆ ಒಂದ್ ಮಾತು ಕೇಳ್ರಿ" ಎಂದರು. ನಮ್ಮ ಹುಡುಗಿಯನ್ನು ಬಿಟ್ಟವರು ಷೇರು ಬಿಟ್ಟಿಲ್ಲ.

ನನ್ನ ಹೆಸರೂ ಇರುವ ಅವ್ವನ ಠೇವಣಿಯನ್ನೂ ಆ ಷೇರಿನಲ್ಲೇ ಹೂಡಲು ನನ್ನ ಸಹಿ ಕೇಳಿದ್ದೀ. ನನಗೆ ವ್ಯಾಪಾರದ ಮೇಲೆ ಹಗೆಯಿಲ್ಲ. ದೂರದ್ದು ಕಾಣದ ಮಕ್ಕಳು ಹೆಚ್ಚುತ್ತಿದ್ದಾರೆ, ಲೆನ್ಸ್ ಹಾಕಿ ಎಸೆಯುವಂಥದ್ದು, ಕೊಂಡವರು ಮತ್ತೆ ಮತ್ತೆ ಕೊಳ್ಳಲೇಬೇಕು. ಇಷ್ಟನ್ನೇ ಹೇಳಿದ್ದರೆ ಬಹುಶಃ ಸಹಿ ಹಾಕುತ್ತಿದ್ದೆ. ಆಟ ಆಡುವ ಹುಡುಗರಿಗೆ, ಕನ್ನಡಕ ಭಾರವೆನ್ನುವವರಿಗೆ ಅದು ಒಳ್ಳೆಯ ವಸ್ತುವೇ. ಆದರೆ ನೀನು ದುಡ್ಡು ಹೂಡಲು ಹೇಳುತ್ತಿರುವುದು ಹೆಣ್ಣುಮಕ್ಕಳ ನಾಚಿಕೆಯ ಮೇಲೆ. ಅವರು ತಲೆ ತಗ್ಗಿಸಿದಷ್ಟೂ ನಿನ್ನ ಷೇರು ಏರಬೇಕು. ಹಾಗೆ ಏರಿದ್ದನ್ನು ಅವ್ವನ ಔಷಧಿಗೆ ಖರ್ಚು ಮಾಡುವುದು ನನ್ನಿಂದಾಗದು. ಸಹಿ ಹಾಕುವುದಿಲ್ಲ. ಫೋಟೊಗಳನ್ನು ಈ ಕಾಗದ ಓದಿದ ಕೂಡಲೇ ತೆಗೆ. ಕಠಿಣವಾಗಿ ಬರೆದೆನೇನೋ ಎಂದು ಮೇಲಿನಿಂದ ಮತ್ತೆ ಓದಿದೆ. ಇಲ್ಲ, ಸರಿಯಾಗಿಯೇ ಇದೆ.

ಅತ್ತಿಗೆಗೆ ನಮಸ್ಕಾರ. ಅವ್ವನ ಆಶೀರ್ವಾದ ನಿಮ್ಮಿಬ್ಬರಿಗೂ ಇದೆ. ನಿನಗೆ ಬೈಗುಳವೂ ಇದೆ, ಅದನ್ನು ಬರೆಯುವುದಿಲ್ಲ.

ನಿನ್ನ ತಂಗಿ,
ಸುನಂದಾ

ಮರೆತಿದ್ದೆ: ಹುಟ್ಟುಹಬ್ಬಕ್ಕೆ ಅಂಜನಾಳ ಹೆಸರಿನಲ್ಲಿ ಅದೇ ಕಂಪನಿಯ ಷೇರು ಕೊಡಿಸಿದ್ದೆಯಲ್ಲ, ಅದನ್ನು ಮಾರಿಬಿಡು ಎಂದು ಅವಳಿಗೆ ಹೇಳಿದೆ. "ಯಾಕ್ ಮಾರ್ಲಿ ಮಮ್ಮೀ, ಅದರಾಗ ನಾನೂ ಮಾಲಕಿ ಅದೀನಿ" ಅಂದಳು. ಮುಂದಿನ ತಿಂಗಳು ಕಂಪನಿಯ ವಾರ್ಷಿಕ ಸಭೆ ಆನ್‌ಲೈನಿನಲ್ಲಿ ನಡೆಯುತ್ತದೆ, ಷೇರುದಾರರು ಪ್ರಶ್ನೆ ಕೇಳಬಹುದು. ಇವಳು ಹೆಸರು ಕೊಟ್ಟಾಗಿದೆ. ನಿಮ್ಮ ಲಾಭದಲ್ಲಿ ಹೆಣ್ಣು ನೋಡುವ ಪದ್ಧತಿಯ ಪಾಲೆಷ್ಟು ಎಂದು ಕೇಳುತ್ತಾಳಂತೆ, ಈ ಲೆಕ್ಕ ಯಾರು ಹೇಳಿದ್ದು ಎಂದೂ ಹೇಳುತ್ತಾಳಂತೆ. ನಿನಗೆ ತಿಳಿಸಲು ಅವಳೇ ಹೇಳಿದಳು: "ಮಾಮಾಗ ನೋಡಾಕ ಹೇಳು. ಕನ್ನಡಕ ಹಾಕ್ಕೊಂಡೇ ಕೂಡ್ತೀನಿ."