ತಮ್ಮನ ತಲೆಯ ಮೇಲೆ ಟಕಟಕ

ಅಪ್ಪಾ,

ನೀವಿಲ್ಲ, ಇದನ್ನು ಓದುವುದೂ ಇಲ್ಲ. ಆದರೂ ಹೇಳದೆ ಬಿಡಲಾರೆ. ಅಫೀಮಿನ ಜಾತಿಯ ನೋವಿನ ಮಾತ್ರೆಗಳ ಚಟ ಬಿಡಿಸಲು ತಮ್ಮನಿಗೆ ಇವತ್ತು ಹೊಸ ಚಿಕಿತ್ಸೆ ಶುರುವಾಯಿತು. ಆ ಮಾತ್ರೆ ಮನೆಗೆ ಬಂದದ್ದೇ ನಿಮ್ಮ ಸೊಂಟನೋವಿಗೆ. ನೀವು ನುಂಗಿದರೆ ಔಷಧಿ, ಅವನು ನುಂಗಿದರೆ ಕೊಬ್ಬು!

ನರ್ಸ್ ಅವನ ತಲೆಗೆ ಚಟದ ಸೆಳೆತ ತಗ್ಗಿಸುವ ಆಯಸ್ಕಾಂತದ ಯಂತ್ರ ಆನಿಸಿದರು. ಅದು ಟಕಟಕ ಬಡಿಯತೊಡಗಿದ್ದೇ ತಡ, ತಮ್ಮ ಬೆಚ್ಚಿಬಿದ್ದು ಕೂಗಿದ: "ಬಂದೆ ಅಪ್ಪಾ, ತೆಗೀತೀನಿ!"

ನರ್ಸ್ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮಾತ್ರೆ ನುಂಗಲು ಅವನು ಬಚ್ಚಲುಮನೆ ಸೇರಿದಾಗಲೆಲ್ಲ ನೀವು ಬಾಗಿಲು ಬಡಿಯುತ್ತಿದ್ದದ್ದು ಹೀಗೇ. ಒದೆ ಬೀಳುತ್ತದೆಂದು ಗೊತ್ತಿದ್ದೂ ಅವನು ಪ್ರತಿಸಲ ತೆಗೆದ.

ನೀವು ಅವನನ್ನು ಮನೆಯಿಂದ ಹೊರಗಟ್ಟಿದ ಮೇಲೆ ಒಂದು ಸಂಜೆ ಅವನೂ ಬಂದು ನಮ್ಮ ಬಾಗಿಲು ಬಡಿದ. ನೀವು ನನ್ನ ಕೈಯಿಂದ ರಿಮೋಟ್ ಕಿತ್ತುಕೊಂಡು ಟೀವಿ ಸದ್ದು ಜೋರು ಮಾಡಿದಿರಿ.